ದಂಡೆಗಂಟಿ ಉಳಿದ ಹಡಗು

ಅಬ್ರಹಾಂ ಕ್ರೈನ್ಸೆನ್ ನೆದರ್ಲೆಂಡ್ಸ್ ನೌಕಾಪಡೆಯ ಒಂದು ಚಿಕ್ಕ ಮೈನ್‌ಸ್ವೀಪರ್, ಅಂದರೆ ಕಡಲಿನಲ್ಲಿ ಹಾಕಿದ ಮೈನ್‌ಗಳನ್ನು ತೆಗೆಯುವ ಹಡಗು. ಸ್ಕೀಡಾಮ್ ಪಟ್ಟಣದ ಗುಸ್ಟೊ ಹಡಗುಕಟ್ಟೆಯಲ್ಲಿ ಕಟ್ಟಿದ ಈ ಹಡಗು 1936ರ ಸೆಪ್ಟೆಂಬರ್‌ನಲ್ಲಿ ನೀರಿಗಿಳಿಯಿತು, 1937ರ ಮೇ ತಿಂಗಳಲ್ಲಿ ಸೇವೆಗೆ ಸೇರಿತು. ಉದ್ದ ಸುಮಾರು 56 ಮೀಟರ್, ಅಗಲ ಎಂಟು ಮೀಟರಿಗೂ ಕಡಿಮೆ, ತೂಕ 500 ಟನ್ನಿನ ಆಸುಪಾಸು. ಮಾಮೂಲಿನಲ್ಲಿ ಹಡಗಿನ ಮೇಲಿದ್ದ ಸಿಬ್ಬಂದಿ 45 ಮಂದಿ. ಮೂರು ಇಂಚಿನ ಒಂದೇ ಫಿರಂಗಿ, ವಿಮಾನಗಳತ್ತ ಹಾರಿಸಲು ಹಗುರ ಬಂದೂಕುಗಳು, ಜಲಾಂತರ್ಗಾಮಿಗಳ ಮೇಲೆ ಎಸೆಯಲು ಒಂದಿಷ್ಟು ಡೆಪ್ತ್ ಚಾರ್ಜ್‌ಗಳು ಇದರ ಶಸ್ತ್ರಬಲ. ಉಗಿ ಎಂಜಿನ್‌ಗಳು ಪೂರ್ಣ ಶಕ್ತಿಯಲ್ಲಿ ಓಡಿದರೆ ಗಂಟೆಗೆ 15 ನಾಟಿಕಲ್ ಮೈಲಿ, ಅಂದರೆ 28 ಕಿಲೋಮೀಟರಿನಷ್ಟು ವೇಗ. ಈ ಅಂಕಿಗಳಲ್ಲಿ ಯಾವುದೂ ಬೆರಗು ಹುಟ್ಟಿಸುವಂಥದ್ದಲ್ಲ. ಆದರೆ ಇನ್ನೊಂದು ಅಂಕಿ ಇದೆ. ಈ ಹಡಗಿನ ತಳ ನೀರಿನೊಳಗೆ ಇಳಿಯುತ್ತಿದ್ದುದು 2.2 ಮೀಟರ್ ಮಾತ್ರ. ಆ ಕಾಲದ ಡೆಸ್ಟ್ರಾಯರ್‌ಗಳಿಗೆ ಮೂರು ಮೀಟರಿಗಿಂತ ಹೆಚ್ಚು ಆಳ ಬೇಕಿತ್ತು, ಕ್ರೂಸರ್‌ಗಳಿಗೆ ಇನ್ನೂ ಹೆಚ್ಚು. ಈ ಹಡಗಿನ ಮುಂದಿನ ಇತಿಹಾಸದ ಬಹುಪಾಲು ಆ 2.2 ಮೀಟರಿನಲ್ಲಿ ಅಡಗಿದೆ.

ಹೆಸರು ಬಂದದ್ದು 17ನೇ ಶತಮಾನದ ಡಚ್ ನೌಕಾ ದಂಡನಾಯಕನೊಬ್ಬನಿಂದ. 1667ರಲ್ಲಿ ಇಂಗ್ಲಿಷರಿಂದ ಸುರಿನಾಮ್ ಕಸಿದುಕೊಂಡವನು ಈತ. ಡಚ್ಚರು ಇಂಥ ಹಳೆಯ ನಾವಿಕರ ಹೆಸರುಗಳನ್ನು ಈ ವರ್ಗದ ಎಲ್ಲ ಹಡಗುಗಳಿಗೂ ಇಟ್ಟರು. ಮೊದಲ ಹಡಗಿನ ಹೆಸರು ಯಾನ್ ವಾನ್ ಆಮ್‌ಸ್ಟೆಲ್ ಆದದ್ದರಿಂದ ವರ್ಗಕ್ಕೂ ಅದೇ ಹೆಸರು ಬಂತು.

ಮೈನ್‌ಸ್ವೀಪರ್‌ಗೆ ಕಡಿಮೆ ಆಳ ಯಾಕೆ ಬೇಕು ಎಂಬುದು ಅರ್ಥವಾಗಬೇಕಾದರೆ ಕಡಲಿನ ಮೈನ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು. ಎರಡನೇ ಮಹಾಯುದ್ಧ ಶುರುವಾದಾಗ ಹೆಚ್ಚು ಬಳಕೆಯಲ್ಲಿದ್ದದ್ದು ಲಂಗರು ಹಾಕಿದ ಮೈನ್. ಸ್ಫೋಟಕ ತುಂಬಿದ, ಒಳಗಿನ ಗಾಳಿಯಿಂದ ತೇಲುವ ಒಂದು ಉಕ್ಕಿನ ಗೋಳ. ಕಡಲ ತಳದಲ್ಲಿ ಕೂತ ಭಾರದ ಪೆಟ್ಟಿಗೆಗೆ ಅದನ್ನು ತಂತಿಹಗ್ಗದಿಂದ ಕಟ್ಟಿರುತ್ತಾರೆ. ಗೋಳ ಮೇಲೇಳಲು ನೋಡುತ್ತದೆ, ಹಗ್ಗ ಬಿಡುವುದಿಲ್ಲ. ಹೀಗಾಗಿ ಅದು ನೀರಿನ ಮೇಲ್ಮೈಗಿಂತ ಕೆಲವು ಮೀಟರ್ ಕೆಳಗೆ, ಮೇಲಿನಿಂದ ಕಾಣದಂತೆ ನಿಂತಿರುತ್ತದೆ. ಗೋಳದ ಮೈಮೇಲೆ ಅಲ್ಲಲ್ಲಿ ಸೀಸದ ಕೊಂಬುಗಳು. ಪ್ರತಿ ಕೊಂಬಿನೊಳಗೂ ರಾಸಾಯನಿಕ ದ್ರವ ತುಂಬಿದ ಒಂದು ಗಾಜಿನ ನಳಿಕೆ ಇರುತ್ತದೆ. ಹಡಗಿನ ಮೈ ತಾಗಿ ಸೀಸ ಬಾಗಿದರೆ ಒಳಗಿನ ಗಾಜು ಒಡೆಯುತ್ತದೆ. ದ್ರವ ಕೆಳಗಿನ ಲೋಹದ ಫಲಕಗಳ ಮೇಲೆ ಹರಿದು ಆ ಕ್ಷಣದಲ್ಲೇ ಒಂದು ಬ್ಯಾಟರಿ ತಯಾರಾಗುತ್ತದೆ. ಅದರ ವಿದ್ಯುತ್ತು ಸ್ಫೋಟಕವನ್ನು ಸಿಡಿಸುತ್ತದೆ. ಗಾಜು ಒಡೆಯುವವರೆಗೆ ಒಳಗೆ ವಿದ್ಯುತ್ತೇ ಇಲ್ಲದ ಕಾರಣ ಇಂಥ ಮೈನ್ ವರ್ಷಗಟ್ಟಲೆ ನೀರಿನಲ್ಲಿದ್ದರೂ ಸಾಯುವುದಿಲ್ಲ. ಯುದ್ಧ ಮುಗಿದ ಮೇಲೂ ಮೀನುಗಾರರ ದೋಣಿಗಳು ಸಿಡಿದದ್ದು ಇದರಿಂದಲೇ.

ಇವನ್ನು ತೆಗೆಯುವ ವಿಧಾನ ಕೇಳುವುದಕ್ಕೆ ಸುಲಭ. ಹಡಗು ತನ್ನ ಹಿಂದೆ ಉದ್ದನೆಯ ಉಕ್ಕಿನ ತಂತಿಯನ್ನು ಎಳೆದುಕೊಂಡು ಹೋಗುತ್ತದೆ. ತಂತಿಯ ತುದಿಯಲ್ಲಿ ನೀರಿನ ಒತ್ತಡಕ್ಕೆ ಪಕ್ಕಕ್ಕೆ ಸರಿಯುವ ಹಲಗೆಗಳ ಚೌಕಟ್ಟು, ಅದರ ಮೇಲೊಂದು ತೇಲುಬುರುಡೆ. ಹಡಗಿನ ಹತ್ತಿರದ ತುದಿಯಲ್ಲಿ ತಂತಿಯನ್ನು ಕೆಳಕ್ಕೆ ಒತ್ತಿಹಿಡಿಯುವ ಇನ್ನೊಂದು ಚೌಕಟ್ಟು. ಹೀಗೆ ತಂತಿ ನೇರ ಹಿಂದಕ್ಕೆ ಬರುವ ಬದಲು ಓರೆಯಾಗಿ ಹರಡಿ ಅಗಲವಾದ ಪಟ್ಟಿಯೊಂದನ್ನು ಗುಡಿಸುತ್ತದೆ. ಮೈನಿನ ಹಗ್ಗ ಈ ತಂತಿಗೆ ಸಿಕ್ಕಿ, ಅದರ ಮೇಲೆ ಜಾರುತ್ತ ಹೋಗಿ ತಂತಿಗೆ ಜೋಡಿಸಿದ ಕತ್ತರಿಯ ಬಾಯಿಗೆ ಬಿದ್ದು ತುಂಡಾಗುತ್ತದೆ. ಹಗ್ಗ ಕಳಚಿದ ಮೈನ್ ಮೇಲಕ್ಕೆ ತೇಲಿ ಬಂದಾಗ ಡೆಕ್ಕಿನ ಮೇಲಿಂದ ಗುಂಡು ಹೊಡೆದು ಅದನ್ನು ಮುಳುಗಿಸುತ್ತಾರೆ ಅಥವಾ ಸಿಡಿಸುತ್ತಾರೆ. ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಓರೊಪೆಸಾ ಎಂಬ ಮೀನುಗಾರಿಕೆ ಹಡಗಿನಲ್ಲಿ ಪರೀಕ್ಷಿಸಿದ್ದರಿಂದ ಈ ಸಲಕರಣೆಗೆ ಆ ಹಡಗಿನ ಹೆಸರೇ ನಿಂತಿತು.

ತಂತಿ ಹಿಂದೆ, ಹಡಗು ಮುಂದೆ. ಕಷ್ಟ ಇರುವುದೇ ಇಲ್ಲಿ. ಗುಡಿಸದ ನೀರಿನ ಮೇಲೆ ಮೊದಲು ಹಾಯಬೇಕಾದದ್ದು ಗುಡಿಸುವ ಹಡಗೇ. ಹಲವು ಹಡಗುಗಳು ಸಾಲಾಗಿ ಓರೆಯಲ್ಲಿ ಸಾಗಿದರೆ ಹಿಂದಿನದಕ್ಕೆ ಮುಂದಿನದು ದಾರಿ ಮಾಡಿಕೊಡುತ್ತದೆ. ಎಲ್ಲಕ್ಕೂ ಮುಂದಿರುವ ಹಡಗಿಗೆ ದಾರಿ ಮಾಡಿಕೊಡುವವರು ಯಾರೂ ಇಲ್ಲ. ಆ ಹಡಗಿನ ರಕ್ಷಣೆ ಒಂದೇ: ಮೈನ್ ನಿಂತಿರುವ ಮಟ್ಟಕ್ಕಿಂತ ತನ್ನ ತಳ ಮೇಲಿರುವುದು. ಹಾಗಾಗಿ ಮೈನ್‌ಸ್ವೀಪರ್‌ಗಳನ್ನು ಚಿಕ್ಕದಾಗಿ, ಹಗುರವಾಗಿ, ತೆಳು ನೀರಿನಲ್ಲೂ ಓಡುವಂತೆ ಕಟ್ಟುತ್ತಾರೆ. ಈ ಎಚ್ಚರಿಕೆಯೂ ಯಾವಾಗಲೂ ಸಾಲದು. ಕ್ರೈನ್ಸೆನ್‌ನ ಸೋದರ ಹಡಗು ವಿಲ್ಲೆಮ್ ವಾನ್ ಎವೈಕ್ 1939ರ ಸೆಪ್ಟೆಂಬರ್ 8ರಂದು, ಯುರೋಪಿನಲ್ಲಿ ಯುದ್ಧ ಶುರುವಾದ ಒಂದೇ ವಾರಕ್ಕೆ, ಟೆರ್‌ಸ್ಕೆಲಿಂಗ್ ದ್ವೀಪದ ಬಳಿ ಸ್ವದೇಶದ ಮೈನ್ ತಾಗಿ ಮುಳುಗಿತು. ನೆದರ್ಲೆಂಡ್ಸ್ ಆಗಿನ್ನೂ ಯುದ್ಧಕ್ಕೇ ಇಳಿದಿರಲಿಲ್ಲ.

ಅಬ್ರಹಾಂ ಕ್ರೈನ್ಸೆನ್ ತಾಯ್ನಾಡಿನಿಂದ ದೂರವಿತ್ತು. ಯಾನ್ ವಾನ್ ಆಮ್‌ಸ್ಟೆಲ್, ಪೀಟರ್ ಡಿ ಬಿಟರ್, ಎಲಾಂಡ್ ದುಬ್ವಾ ಎಂಬ ಇನ್ನು ಮೂರು ಸೋದರ ಹಡಗುಗಳ ಜೊತೆ ಡಚ್ಚರ ಪೂರ್ವ ಇಂಡೀಸಿನಲ್ಲಿ, ಅಂದರೆ ಇಂದಿನ ಇಂಡೊನೇಷ್ಯಾದಲ್ಲಿ, ಜಾವಾ ದ್ವೀಪದ ಸುರಬಾಯಾ ನೌಕಾನೆಲೆಯಲ್ಲಿತ್ತು. 1940ರ ಮೇ ತಿಂಗಳಲ್ಲಿ ಜರ್ಮನಿ ನೆದರ್ಲೆಂಡ್ಸ್ ಆಕ್ರಮಿಸಿದಾಗ ಈ ನಾಲ್ಕು ಹಡಗುಗಳ ನಾವಿಕರು ತಮ್ಮ ಮನೆಮಂದಿಯ ಸುದ್ದಿಯಿಲ್ಲದೆ ಭೂಗೋಳದ ಇನ್ನೊಂದು ತುದಿಯಲ್ಲಿ ಉಳಿದರು. 1941ರ ಡಿಸೆಂಬರ್‌ನಲ್ಲಿ ಜಪಾನ್ ಯುದ್ಧಕ್ಕಿಳಿಯಿತು. ಬೋರ್ನಿಯೊ, ಸೆಲೆಬೀಸ್, ಸುಮಾತ್ರಾ ದ್ವೀಪಗಳ ತೈಲ ಮತ್ತು ವಿಮಾನನೆಲೆಗಳು ಒಂದೊಂದಾಗಿ ಜಪಾನಿನ ಕೈಸೇರಿ, ಎರಡೇ ತಿಂಗಳಲ್ಲಿ ಜಾವಾ ಒಂಟಿಯಾಯಿತು.

1942ರ ಫೆಬ್ರವರಿ 27ರಂದು ಡಚ್ ರಿಯರ್ ಅಡ್ಮಿರಲ್ ಕಾರೆಲ್ ದೋರ್ಮನ್ ನಾಯಕತ್ವದಲ್ಲಿ ಡಚ್, ಬ್ರಿಟಿಷ್, ಅಮೆರಿಕನ್, ಆಸ್ಟ್ರೇಲಿಯನ್ ಹಡಗುಗಳ ಒಂದು ತುಕಡಿ ಜಪಾನಿನ ದಂಡನ್ನು ತಡೆಯಲು ಜಾವಾ ಸಮುದ್ರಕ್ಕೆ ಹೊರಟಿತು. ಒಂದೇ ಹಗಲು ರಾತ್ರಿಯಲ್ಲಿ ಆ ತುಕಡಿ ಚೂರುಚೂರಾಯಿತು. ದೋರ್ಮನ್ ತನ್ನ ಹಡಗು ಡಿ ರಾಯ್ಟರ್ ಜೊತೆ ಮುಳುಗಿದ. ಜಾವಾ ಎಂಬ ಕ್ರೂಸರ್ ಮುಳುಗಿತು. ಅದೇ ರಾತ್ರಿ ಬ್ರಿಟಿಷ್ ಡೆಸ್ಟ್ರಾಯರ್ ಜುಪಿಟರ್ ಕೂಡ ಸಿಡಿದು ಮುಳುಗಿತು. ಮೊದಲು ಅದು ಶತ್ರುವಿನ ಟಾರ್ಪೆಡೊ ಎಂದೇ ಎಲ್ಲರೂ ತಿಳಿದರು. ಆದರೆ ಜುಪಿಟರ್ ತಾಗಿದ್ದು ಡಚ್ಚರದೇ ಮೈನ್. ಗೌಡೆನ್ ಲೇವ್ ಎಂಬ ಮೈನ್ ಹಾಕುವ ಹಡಗು ಅದೇ ದಿನ ಜಾವಾದ ಉತ್ತರ ದಂಡೆಯಲ್ಲಿ ಬಿತ್ತಿಹೋದದ್ದು. ಜುಪಿಟರ್‌ನಿಂದ ಬದುಕಿ ಬಂದ ಕೆಲವು ನಾವಿಕರು ಕ್ರೈನ್ಸೆನ್‌ನ ಕಥೆಯಲ್ಲಿ ಮುಂದೆ ಮತ್ತೆ ಬರುತ್ತಾರೆ.

ಮರುದಿನ ಮತ್ತು ಮಾರ್ಚ್ 1ರ ಹೊತ್ತಿಗೆ ಉಳಿದ ದೊಡ್ಡ ಹಡಗುಗಳೂ ಹೋದವು. ಸುಂದಾ ಜಲಸಂಧಿಯಲ್ಲಿ ಪರ್ತ್ ಮತ್ತು ಹ್ಯೂಸ್ಟನ್, ಜಾವಾ ಸಮುದ್ರದಲ್ಲಿ ಎಕ್ಸಿಟರ್ ಮತ್ತು ಎನ್‌ಕೌಂಟರ್. ಜಪಾನಿನ ಸೈನಿಕರು ಜಾವಾದ ದಂಡೆಗಳಲ್ಲಿ ಇಳಿಯತೊಡಗಿದರು. ಸುರಬಾಯಾದಲ್ಲಿ ಅಳಿದುಳಿದ ಹಡಗುಗಳಿಗೆ ಬಂದ ಆದೇಶ ಒಂದೇ: ಸಾಧ್ಯವಾದವರು ಆಸ್ಟ್ರೇಲಿಯಾ ಸೇರಿ, ಆಗದಿದ್ದರೆ ಹಡಗು ಶತ್ರುವಿನ ಕೈಗೆ ಸಿಗದಂತೆ ಮುಳುಗಿಸಿ.

ನಾಲ್ಕು ಮೈನ್‌ಸ್ವೀಪರ್‌ಗಳು ಒಟ್ಟಿಗೆ ಹೊರಡುವುದೆಂದು ಯೋಜನೆಯಾಗಿತ್ತು, ಆದರೆ ಹಾಗಾಗಲಿಲ್ಲ. ಪೀಟರ್ ಡಿ ಬಿಟರ್ ಹಡಗನ್ನು ಮಾರ್ಚ್ 6ರಂದು ಸುರಬಾಯಾದಲ್ಲೇ ಅದರ ಸಿಬ್ಬಂದಿ ಮುಳುಗಿಸಿದರು. ಎಲಾಂಡ್ ದುಬ್ವಾ ಹೊರಟಿತಾದರೂ ದೂರ ಹೋಗಲಾರದೆ ಮದುರಾ ದ್ವೀಪದ ದಕ್ಷಿಣಕ್ಕಿರುವ ಗಿಲಿ ಗೆಂಟೆಂಗ್ ಬಳಿ ಮಾರ್ಚ್ 8ರಂದು ಸ್ವಂತದವರ ಕೈಯಿಂದಲೇ ಮುಳುಗಿತು. ಯಾನ್ ವಾನ್ ಆಮ್‌ಸ್ಟೆಲ್ ಹಡಗನ್ನು ಅದೇ ದಿನ ಜಪಾನಿನ ಡೆಸ್ಟ್ರಾಯರ್ ಅರಾಶಿಯೊ ಹಿಡಿದು ಹೊಡೆದು ಮುಳುಗಿಸಿತು. ಗಂಟೆಗೆ 15 ನಾಟಿಕಲ್ ಮೈಲಿ ಓಡುವ ಹಡಗು ಅದರ ಎರಡು ಪಟ್ಟಿಗಿಂತ ವೇಗವಾಗಿ ಬರುವ ಡೆಸ್ಟ್ರಾಯರ್ ಕಣ್ಣಿಗೆ ಬಿದ್ದರೆ ಓಡಿ ತಪ್ಪಿಸಿಕೊಳ್ಳುವ ಮಾತಿಲ್ಲ. ಮೂರು ಇಂಚಿನ ಒಂದು ಫಿರಂಗಿಯಿಂದ ಕಾದಾಡಿ ಗೆಲ್ಲುವ ಮಾತಂತೂ ಇಲ್ಲವೇ ಇಲ್ಲ. ಬದುಕಬೇಕಾದರೆ ಕಣ್ಣಿಗೆ ಬೀಳಬಾರದು.

ಮಾರ್ಚ್ 6ರಂದು ಹೊರಟ ಅಬ್ರಹಾಂ ಕ್ರೈನ್ಸೆನ್ ಸಿಬ್ಬಂದಿ ಹಿಡಿದ ದಾರಿ ಇದೇ. ಕಮಾಂಡರ್ ಆಂಟೋನಿ ವಾನ್ ಮೀರ್ಟ್ ನೇತೃತ್ವದಲ್ಲಿ ಅವರು ದಂಡೆಗಿಳಿದು ಕಾಡಿನ ಕೊಂಬೆಗಳನ್ನು, ಸಣ್ಣ ಮರಗಳನ್ನು ಕಡಿದು ತಂದರು. ಡೆಕ್ಕು, ಫಿರಂಗಿ, ಕೊಳವೆ, ಮೇಲ್ಕಟ್ಟಡ ಎಲ್ಲದರ ಮೇಲೂ ಸೊಪ್ಪಿನ ಚಪ್ಪರ ಎಬ್ಬಿಸಿ ಹಡಗಿಗೆ ಚಿಕ್ಕ ದ್ವೀಪದ ವೇಷ ಹಾಕಿದರು. ಸೊಪ್ಪು ಮುಚ್ಚದೆ ಉಳಿದ ಉಕ್ಕಿನ ಭಾಗಗಳಿಗೆ ಬಂಡೆಯಂತೆ, ಕಡಿದಾದ ಕಲ್ಲುದಂಡೆಯಂತೆ ಕಾಣುವ ಬಣ್ಣ ಬಳಿದರು. ಹಗಲು ಯಾವುದಾದರೂ ದ್ವೀಪದ ದಂಡೆಗೆ ಅಂಟಿಕೊಂಡು ಲಂಗರು ಹಾಕಿ ಅಲುಗದೆ ನಿಲ್ಲುವುದು. ಕತ್ತಲಾದ ಮೇಲೆ ಮಾತ್ರ ಹೊರಟು ಬೆಳಗಾಗುವುದರೊಳಗೆ ಮುಂದಿನ ದ್ವೀಪದ ಮರೆ ಸೇರುವುದು. ಆ ಸ್ಥಿತಿಯಲ್ಲಿ ತೆಗೆದ ಹಡಗಿನ ಕಪ್ಪುಬಿಳುಪು ಚಿತ್ರ ಈಗಲೂ ನೌಕಾ ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತದೆ. ಗೊತ್ತಿದ್ದು ನೋಡಿದರೂ ಎಲೆಗಳ ರಾಶಿಯ ನಡುವೆ ಹಡಗಿನ ಮೈಯ ಗೆರೆಯನ್ನು ಹುಡುಕಬೇಕಾಗುತ್ತದೆ.

ಈ ವೇಷ ಯಾಕೆ ಫಲಿಸಿತು? ಬರಿಯ ಸೊಪ್ಪಿನಿಂದಲ್ಲ. ಆಕಾಶದಿಂದ ಹಡಗನ್ನು ಬಯಲು ಮಾಡುವುದು ಮೊದಲನೆಯದಾಗಿ ಅದು ಸಾಗುವಾಗ ಹಿಂದೆ ಬಿಡುವ ನೊರೆಯ ಉದ್ದ ಬಾಲ. ಹಡಗಿಗಿಂತ ಬಹಳ ಮುಂಚೆ ಆ ಬಾಲ ಪೈಲಟ್ ಕಣ್ಣಿಗೆ ಬೀಳುತ್ತದೆ. ಹಗಲು ನಿಂತೇ ಇದ್ದರೆ ಅದಿಲ್ಲ. ಎರಡನೆಯದು ಆಕಾರ: ನೇರ ಅಂಚು, ಚೂಪು ಮೂತಿ, ಡೆಕ್ಕಿನ ಸಪಾಟು. ಕೊಂಬೆಗಳು ಆ ಅಂಚನ್ನು ಒಡೆಯುತ್ತವೆ. ಮೂರನೆಯದು ಸುತ್ತಲಿನ ನೀರು. ತೆರೆದ ಕಡಲಿನ ಮಧ್ಯೆ ಒಂಟಿಯಾಗಿ ನಿಂತ ಹಸಿರು ಗುಡ್ಡೆ, ನಕ್ಷೆ ಹಿಡಿದ ಪೈಲಟ್‌ಗೆ ಅನುಮಾನ ಹುಟ್ಟಿಸದೆ ಬಿಡದು. ಅದೇ ಗುಡ್ಡೆ ಕಾಡು ತುಂಬಿದ ದಂಡೆಗೆ ತಾಗಿ ನಿಂತರೆ ದಂಡೆಯ ಒಂದು ಮೂಲೆಯಷ್ಟೇ. ಹಾಗೆ ತಾಗಿ ನಿಲ್ಲಲು 2.2 ಮೀಟರ್ ಆಳದ ಹಡಗಿಗೆ ಸಾಧ್ಯ. ಕ್ರೂಸರ್ ಅಷ್ಟು ಹತ್ತಿರ ಬಂದರೆ ನೆಲ ತಾಗಿ ಕೂರುತ್ತದೆ. ಮೈನ್‌ಗಳ ಮೇಲೆ ಹಾಯಲೆಂದು ಕೊಟ್ಟ ತೆಳು ತಳ ಇಲ್ಲಿ ಬೇರೆಯೇ ಉಪಯೋಗಕ್ಕೆ ಬಂತು. ದ್ವೀಪದ ವೇಷದ ಬಗ್ಗೆ ಬರೆದವರೆಲ್ಲ ಎಲೆಗಳ ಬಗ್ಗೆಯೇ ಹೆಚ್ಚು ಬರೆದಿದ್ದಾರೆ. ಈ ಹಡಗನ್ನು ಉಳಿಸಿದ್ದರಲ್ಲಿ ಅದರ ಗಾತ್ರಕ್ಕೂ ಅದನ್ನು ವಿನ್ಯಾಸ ಮಾಡಿದವರಿಗೂ ಅಷ್ಟೇ ಪಾಲು ಸಲ್ಲಬೇಕು.

ನಾವಿಕರ ತಾಳ್ಮೆಗೂ ಪಾಲು ಸಲ್ಲಬೇಕು. ಸಮಭಾಜಕದ ಬಳಿಯ ಮಾರ್ಚ್ ತಿಂಗಳಲ್ಲಿ ರಾತ್ರಿ ಸರಿಸುಮಾರು 12 ಗಂಟೆ. ಇಡೀ ರಾತ್ರಿ ಪೂರ್ಣ ವೇಗದಲ್ಲಿ ಓಡಿದರೂ ಈ ಹಡಗು ಕ್ರಮಿಸಬಹುದಾದದ್ದು ಹೆಚ್ಚೆಂದರೆ 330 ಕಿಲೋಮೀಟರ್. ದೀಪವಿಲ್ಲದೆ, ಹವಳದ ದಿಬ್ಬಗಳಿರುವ ನೀರಿನಲ್ಲಿ, ಶತ್ರು ಹಡಗುಗಳು ಗಸ್ತು ತಿರುಗುವ ಜಲಸಂಧಿಗಳಲ್ಲಿ ಅಷ್ಟು ವೇಗ ಸಿಗುವುದೂ ಕಷ್ಟ. ಉಳಿದ 12 ಗಂಟೆ ಬಿಸಿಲಿಗೆ ಕಾದ ಉಕ್ಕಿನೊಳಗೆ, ವಿಮಾನದ ಸದ್ದಿಗೆ ಕಿವಿಗೊಟ್ಟು ಸುಮ್ಮನೆ ಕೂತಿರಬೇಕು. ಕಡಿದ ಸೊಪ್ಪು ಉಷ್ಣವಲಯದ ಬಿಸಿಲಿಗೆ ಬೇಗ ಬಾಡುತ್ತದೆ. ಬಾಡಿದ ಕಂದು ಬಣ್ಣ ಹಸಿರು ದಂಡೆಯ ಪಕ್ಕದಲ್ಲಿ ಎದ್ದು ಕಾಣುತ್ತದೆ. ಇಂಥ ಮರೆಮಾಚುವಿಕೆ ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ.

ಜಾವಾದ ಪೂರ್ವಕ್ಕೆ ಸಾಲಾಗಿ ನಿಂತ ಚಿಕ್ಕ ದ್ವೀಪಗಳ ನಡುವೆ ನುಸುಳಿ ಹಡಗು ಹಿಂದೂ ಮಹಾಸಾಗರ ಸೇರಿತು. ಅಲ್ಲಿಂದಾಚೆ ಮರೆಯಾಗಲು ದ್ವೀಪಗಳೇ ಇಲ್ಲ, ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಬರೀ ನೀರು. ದಂಡೆಯ ಬಳಿ ಕೆಲಸ ಮಾಡಲೆಂದು ಕಟ್ಟಿದ ಹಡಗು ಹಗಲೂ ರಾತ್ರಿಯೂ ತೆರೆದ ಸಾಗರದಲ್ಲಿ ಸಾಗಿ, 1942ರ ಮಾರ್ಚ್ 20ರ ಹೊತ್ತಿಗೆ ಪಶ್ಚಿಮ ಆಸ್ಟ್ರೇಲಿಯಾದ ತೀರ ಮುಟ್ಟಿತ್ತು. ಜಾವಾದಲ್ಲಿ ಡಚ್ ಪಡೆಗಳು ಶರಣಾಗಿ ಆಗಲೇ 12 ದಿನ ಕಳೆದಿದ್ದವು. ಜಾವಾದಿಂದ ತಪ್ಪಿಸಿಕೊಂಡು ಬಂದ ಕೊನೆಯ ಹಡಗು ಇದು. ಆ ಭಾಗದಲ್ಲಿದ್ದ ನಾಲ್ಕು ಸೋದರ ಹಡಗುಗಳಲ್ಲಿ ಉಳಿದದ್ದೂ ಇದೊಂದೇ.

ಆಸ್ಟ್ರೇಲಿಯಾಕ್ಕೆ ಆಗ ಬೇಕಿದ್ದದ್ದು ಬೆಂಗಾವಲು ಹಡಗುಗಳು. ಜಪಾನಿನ ಜಲಾಂತರ್ಗಾಮಿಗಳು ಅದರ ಪೂರ್ವ ಕರಾವಳಿಯಲ್ಲಿ ಸರಕು ಹಡಗುಗಳನ್ನು ಬೇಟೆಯಾಡತೊಡಗಿದ್ದವು. ಅಬ್ರಹಾಂ ಕ್ರೈನ್ಸೆನ್‌ಗೆ ನೀರಿನೊಳಗೆ ಶಬ್ದದ ಅಲೆ ಕಳಿಸಿ ಪ್ರತಿಧ್ವನಿಯಿಂದ ಜಲಾಂತರ್ಗಾಮಿಯನ್ನು ಪತ್ತೆಹಚ್ಚುವ ಆಸ್ಡಿಕ್ ಯಂತ್ರ ಕೂಡಿಸಿದರು. 1942ರ ಸೆಪ್ಟೆಂಬರ್ 28ರಂದು ಅದು ಆಸ್ಟ್ರೇಲಿಯಾದ ನೌಕಾಪಡೆಗೆ ಸೇರಿತು. ಹೆಸರು ಮಾತ್ರ ಡಚ್ಚೇ ಉಳಿಯಿತು. ಡಚ್ ನಾವಿಕರ ಜೊತೆ ಆಸ್ಟ್ರೇಲಿಯನ್ನರನ್ನೂ ಬ್ರಿಟಿಷರನ್ನೂ ಸೇರಿಸಿ ಸಿಬ್ಬಂದಿ ತುಂಬಿದರು. ಆ ಬ್ರಿಟಿಷರು ಜುಪಿಟರ್ ಡೆಸ್ಟ್ರಾಯರ್‌ನಿಂದ ಬದುಕಿ ಉಳಿದವರು. ಡಚ್ ಮೈನ್‌ನಿಂದ ತಮ್ಮ ಹಡಗು ಕಳೆದುಕೊಂಡವರು ಡಚ್ ಮೈನ್‌ಸ್ವೀಪರ್ ಹತ್ತಿದರು.

ಆ ವರ್ಷ ಇಂಥ ಚಿಕ್ಕ ಹಡಗುಗಳ ಮೇಲೆ ಅವುಗಳ ಅಳತೆಗೆ ಮೀರಿದ ಭಾರ ಬಿದ್ದಿತ್ತು. ಭಾರತದ ನೌಕಾಪಡೆಯ ಬೆಂಗಾಲ್ ಹಡಗಿನ ಉದಾಹರಣೆ ಇಲ್ಲಿ ಬಿಡುವಂತಿಲ್ಲ. ಅದೂ ಮೈನ್‌ಸ್ವೀಪರ್ ಆಗಿಯೇ ಸಿಡ್ನಿಯಲ್ಲಿ ಕಟ್ಟಿದ್ದು. 1942ರ ನವೆಂಬರ್ 11ರಂದು ಅದು ಡಚ್ ತೈಲ ಹಡಗು ಒಂದಿನಾಕ್ಕೆ ಬೆಂಗಾವಲಾಗಿ ಫ್ರೀಮಾಂಟಲ್‌ನಿಂದ ಡಿಯೆಗೊ ಗಾರ್ಸಿಯಾದತ್ತ ಹೋಗುತ್ತಿದ್ದಾಗ ಜಪಾನಿನ ಎರಡು ಭಾರಿ ದಾಳಿ ಹಡಗುಗಳು ಎದುರಾದವು. ತನಗೊಂದೇ ಚಿಕ್ಕ ಫಿರಂಗಿ ಇದ್ದರೂ ಬೆಂಗಾಲ್ ಅವುಗಳತ್ತಲೇ ನುಗ್ಗಿತು. ಕಾಳಗದಲ್ಲಿ ಜಪಾನಿನ ಹೊಕೊಕು ಮಾರು ಸಿಡಿದು ಮುಳುಗಿತು, ಒಂದಿನಾ ಮತ್ತು ಬೆಂಗಾಲ್ ಎರಡೂ ಗಾಯಗೊಂಡು ಬದುಕಿದವು. ತೈಲ ಹಡಗಿನ ಕ್ಯಾಪ್ಟನ್ ವಿಲ್ಲೆಮ್ ಹೊರ್ಸ್‌ಮನ್ ಆ ಹೋರಾಟದಲ್ಲಿ ಪ್ರಾಣ ಬಿಟ್ಟರು.

ಕ್ರೈನ್ಸೆನ್‌ಗೆ ಅಂಥ ಕಾಳಗ ಒದಗಲಿಲ್ಲ. ಅದರ ಬೆಂಗಾವಲು ಕೆಲಸದಲ್ಲಿ ದಾಖಲಾದ ಮುಖ್ಯ ಪ್ರಸಂಗ 1943ರ ಜನವರಿ 26ರದು. ಬಾಸ್ ಜಲಸಂಧಿಯ ಮೂಲಕ ಸಿಡ್ನಿಗೆ ಹಡಗುಗಳ ಗುಂಪನ್ನು ಕರೆದೊಯ್ಯುವಾಗ ಆಸ್ಡಿಕ್‌ನಲ್ಲಿ ಜಲಾಂತರ್ಗಾಮಿಯದೆಂದು ತೋರುವ ಪ್ರತಿಧ್ವನಿ ಸಿಕ್ಕಿತು. ಕ್ರೈನ್ಸೆನ್ ಮತ್ತು ಆಸ್ಟ್ರೇಲಿಯಾದ ಬಂಡಬರ್ಗ್ ಎರಡೂ ಡೆಪ್ತ್ ಚಾರ್ಜ್ ಎಸೆದವು. ನೀರಿನ ಮೇಲೆ ಯಾವ ಅವಶೇಷವೂ ಬರಲಿಲ್ಲ. ಪೆಟ್ಟು ಬಿದ್ದದ್ದು ಕ್ರೈನ್ಸೆನ್‌ಗೇ. ಡೆಪ್ತ್ ಚಾರ್ಜ್ ಗೊತ್ತುಮಾಡಿದ ಆಳಕ್ಕೆ ಇಳಿದಾಗ ನೀರಿನ ಒತ್ತಡದಿಂದ ಸಿಡಿಯುತ್ತದೆ. ಅಷ್ಟರೊಳಗೆ ಎಸೆದ ಹಡಗು ಅಲ್ಲಿಂದ ದೂರ ಸರಿದಿರಬೇಕು. ಅವಸರದಲ್ಲಿ ಎಸೆದ ಚಾರ್ಜ್ ಹಡಗು ದೂರ ಹೋಗುವ ಮುನ್ನವೇ ಸಿಡಿಯಿತು. ಒಳಗಿನ ಕೊಳವೆಗಳು, ಜೋಡಣೆಗಳು ಕಳಚಿದವು. ಹಡಗಿನ ತಳದ ನಡುಸಾಲಿನ ರಿವೆಟ್‌ಗಳನ್ನೆಲ್ಲ ಬದಲಿಸಬೇಕಾಯಿತು. ಇದಕ್ಕಾಗಿ ಒಂದು ವಾರ ಒಣ ಹಡಗುಕಟ್ಟೆಯಲ್ಲಿ ನಿಂತಿತ್ತು.

1943ರ ಮೇ 5ರಂದು ಹಡಗು ಮತ್ತೆ ಡಚ್ ನೌಕಾಪಡೆಗೆ ಮರಳಿತಾದರೂ ಯುದ್ಧದ ಉಳಿದ ಕಾಲವನ್ನು ಹೆಚ್ಚಾಗಿ ಆಸ್ಟ್ರೇಲಿಯಾದ ನೀರಿನಲ್ಲೇ ಕಳೆಯಿತು. ಆ ಎರಡು ವರ್ಷಗಳ ಕೆಲಸ ಬಹುತೇಕ ದಿನಚರಿಯದು. 1945ರ ಜೂನ್ 7ರಂದು ಮಾತ್ರ ಅದಕ್ಕೊಂದು ವಿಚಿತ್ರ ಹೊರೆ ಬಂತು. ಕೆ-9 ಎಂಬ ಹಳೆಯ ಡಚ್ ಜಲಾಂತರ್ಗಾಮಿಯೂ ಜಾವಾದಿಂದ ತಪ್ಪಿಸಿಕೊಂಡು ಸಿಡ್ನಿಗೆ ಬಂದದ್ದೇ. 1942ರ ಮೇ ಕೊನೆಯ ರಾತ್ರಿ ಜಪಾನಿನ ಪುಟ್ಟ ಜಲಾಂತರ್ಗಾಮಿಗಳು ಸಿಡ್ನಿ ಬಂದರಿಗೆ ನುಗ್ಗಿದಾಗ, ಅಮೆರಿಕನ್ ಕ್ರೂಸರ್‌ಗೆ ಗುರಿಯಿಟ್ಟ ಟಾರ್ಪೆಡೊ ಕೆ-9ರ ಅಡಿಯಲ್ಲೇ ಹಾದು, ಪಕ್ಕದ ಕುಟ್ಟಬುಲ್ ಎಂಬ ವಸತಿ ಹಡಗಿನ ಕೆಳಗೆ ಸಿಡಿದು 21 ನಾವಿಕರನ್ನು ಕೊಂದಿತ್ತು. ಕೆ-9ಕ್ಕೂ ಆ ಆಘಾತ ತಟ್ಟಿತ್ತು. ಮುಂದೆ ಅದನ್ನು ತೈಲ ಸಾಗಿಸುವ ದೋಣಿಯಾಗಿ ಮಾಡಿಕೊಂಡರು. ಆ ದೋಣಿಯನ್ನು ಕ್ರೈನ್ಸೆನ್ ಹಗ್ಗ ಕಟ್ಟಿ ಉತ್ತರಕ್ಕೆ ಎಳೆದೊಯ್ಯುತ್ತಿತ್ತು. ಮಾರನೆಯ ದಿನ ಹಗ್ಗ ಹರಿದು, ಕೆ-9 ನ್ಯೂ ಸೌತ್ ವೇಲ್ಸ್‌ನ ಸೀಲ್ ರಾಕ್ಸ್ ಬಳಿ ಮರಳಿಗೆ ಬಂದು ಕೂತಿತು. ಅದನ್ನು ಅಲ್ಲಿಂದ ಮತ್ತೆ ಎಬ್ಬಿಸಲಾಗಲಿಲ್ಲ.

ಯುದ್ಧ ಮುಗಿದಾಗ ಅಬ್ರಹಾಂ ಕ್ರೈನ್ಸೆನ್ ತನ್ನ ಮೂಲ ಕಸುಬಿಗೆ ಮರಳಿತು. ಟಿಮೋರ್ ದ್ವೀಪದ ಜಪಾನಿ ಪಡೆಗಳ ಶರಣಾಗತಿ ಸ್ವೀಕರಿಸಲು ಆಸ್ಟ್ರೇಲಿಯಾದ ಹಡಗುಗಳು ಕುಪಾಂಗ್ ಬಂದರಿಗೆ ಬರುವುದಿತ್ತು. ಅದಕ್ಕೂ ಮೊದಲು ಬಂದರಿನ ನೀರನ್ನು ಮೈನ್‌ಗಳಿಂದ ಮುಕ್ತಗೊಳಿಸುವ ಕೆಲಸಕ್ಕೆ ಅದನ್ನು ಹಚ್ಚಿದರು. 1945ರ ಸೆಪ್ಟೆಂಬರ್ 11ರಂದು ಮೊರೆಸ್ಬಿ ಹಡಗಿನ ಮೇಲೆ ಶರಣಾಗತಿ ನಡೆಯಿತು. ಮೂರೂವರೆ ವರ್ಷಗಳ ಹಿಂದೆ ಕತ್ತಲಲ್ಲಿ ನುಸುಳಿ ಬಂದ ದ್ವೀಪಗಳ ಸಾಲಿಗೇ ಹಡಗು ತನ್ನ ತಂತಿ ಎಳೆಯಲು ಹಿಂದಿರುಗಿತ್ತು.

ಅದರ ನಂತರದ ಅಧ್ಯಾಯವನ್ನು ಅಷ್ಟೇ ಹೆಮ್ಮೆಯಿಂದ ಹೇಳಲಾಗದು. ಆ ಹೊತ್ತಿಗೆ ಸುಕರ್ಣೊ ಮತ್ತು ಹಟ್ಟಾ ಇಂಡೊನೇಷ್ಯಾದ ಸ್ವಾತಂತ್ರ್ಯ ಘೋಷಿಸಿ ತಿಂಗಳಾಗುತ್ತ ಬಂದಿತ್ತು. ಡಚ್ಚರು ಅದನ್ನು ಒಪ್ಪದೆ ವಸಾಹತನ್ನು ಮರಳಿ ಹಿಡಿಯಲು ಹೊರಟರು. ಆಸ್ಟ್ರೇಲಿಯಾದ ಬಂದರು ಕಾರ್ಮಿಕರು ಡಚ್ ಹಡಗುಗಳಿಗೆ ಸರಕು ತುಂಬಲು ನಿರಾಕರಿಸಿದಾಗ ಅಲ್ಲಿದ್ದ ಭಾರತೀಯ ನಾವಿಕರೂ ಆ ಬಹಿಷ್ಕಾರದಲ್ಲಿ ಸೇರಿಕೊಂಡರು. 1949ರ ಜನವರಿಯಲ್ಲಿ ನೆಹರೂ ಇಂಡೊನೇಷ್ಯಾದ ಪರವಾಗಿ ದೆಹಲಿಯಲ್ಲಿ ಏಷ್ಯಾ ದೇಶಗಳ ಸಮ್ಮೇಳನ ಕರೆದರು. ಈ ಅವಧಿಯಲ್ಲಿ ಕ್ರೈನ್ಸೆನ್ ಇಂಡೊನೇಷ್ಯಾದ ಹೋರಾಟಗಾರರ ವಿರುದ್ಧ ಗಸ್ತು ತಿರುಗುತ್ತಿತ್ತು. ಜಪಾನಿನ ಆಕ್ರಮಣದಿಂದ ತಪ್ಪಿಸಿಕೊಂಡ ಹಡಗು ಅದೇ ನೀರಿನಲ್ಲಿ ಇನ್ನೊಂದು ಜನತೆಯ ಸ್ವಾತಂತ್ರ್ಯಕ್ಕೆ ಅಡ್ಡಿಯಾಗಿ ನಿಂತಿತು. ಅದರ ಸೇವಾಚರಿತ್ರೆ ಬರೆಯುವವರು ಈ ಭಾಗವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ಸರಿಯಲ್ಲ. 1949ರ ಡಿಸೆಂಬರ್ 27ರಂದು ನೆದರ್ಲೆಂಡ್ಸ್ ಅಧಿಕಾರ ಬಿಟ್ಟುಕೊಟ್ಟಿತು. ಹಡಗು 1951ರಲ್ಲಿ ಪೂರ್ವವನ್ನು ಬಿಟ್ಟು ತಾಯ್ನಾಡಿನ ಕಡೆ ಹೊರಟಿತು.

1956ರಲ್ಲಿ ಅದನ್ನು ಬಂದರಿನ ಬಾಯಿಗೆ ಹಾಕುವ ಉಕ್ಕಿನ ಬಲೆಗಳನ್ನು ನೋಡಿಕೊಳ್ಳುವ ಹಡಗಾಗಿ ಮಾರ್ಪಡಿಸಿದರು. 1960ರಲ್ಲಿ ನೌಕಾಪಡೆಯ ಪಟ್ಟಿಯಿಂದ ಅದರ ಹೆಸರು ತೆಗೆದರು. ಗುಜರಿಗೆ ಹೋಗಬೇಕಾದ ಹಂತದಲ್ಲಿ ಅದು ಹುಡುಗರಿಗೆ ನೌಕಾ ತರಬೇತಿ ಕೊಡುವ ಸೀ ಕೆಡೆಟ್ ಸಂಸ್ಥೆಯ ಪಾಲಾಯಿತು. 1962ರಿಂದ 1972ರವರೆಗೆ ಹೇಗ್ ನಗರದಲ್ಲಿ, ಆಮೇಲೆ ರಾಟರ್‌ಡ್ಯಾಮ್‌ನಲ್ಲಿ ಕಟ್ಟೆಗೆ ಕಟ್ಟಿ ನಿಂತಿತ್ತು. ಯುದ್ಧ ಕಂಡ ಹೆಚ್ಚಿನ ಮೈನ್‌ಸ್ವೀಪರ್‌ಗಳು ಕೆಲಸ ಮುಗಿದೊಡನೆ ಒಡೆಯುವವರ ಕೈಸೇರಿದವು. ಈ ಹಡಗು ಉಳಿಯಲು ತರಬೇತಿಗೆ ಬಂದ ಹುಡುಗರ ಆ ಮೂವತ್ತು ವರ್ಷಗಳ ಬಳಕೆಯೇ ಕಾರಣ.

1995ರಲ್ಲಿ ಡೆನ್ ಹೆಲ್ಡರ್ ಊರಿನ ಡಚ್ ನೌಕಾ ವಸ್ತುಸಂಗ್ರಹಾಲಯ ಅದನ್ನು ಸಂರಕ್ಷಣೆಗೆ ಆರಿಸಿಕೊಂಡಿತು. ನಂತರದ ಮಾರ್ಪಾಟುಗಳನ್ನೆಲ್ಲ ಕಳಚಿ 1997ರಲ್ಲಿ ಯುದ್ಧಕಾಲದ ರೂಪಕ್ಕೆ ತಂದು ನಿಲ್ಲಿಸಿದರು. ತೋನೈನ್ ಜಲಾಂತರ್ಗಾಮಿ ಮತ್ತು 19ನೇ ಶತಮಾನದ ಸ್ಕೊರ್ಪಿಯೂನ್ ಯುದ್ಧನೌಕೆಯ ಜೊತೆ ಅದು ಈ ಸಂಗ್ರಹಾಲಯದ ಹಡಗುಗಳಲ್ಲಿ ಒಂದಾಗಿದೆ.